ಹೆದ್ದಾರಿಯ ತುರ್ತು ಕರೆ ಪೆಟ್ಟಿಗೆ

ಬೇಸಿಗೆ ರಜೆ ಸಮೀಪಿಸಿತೆಂದರೆ ಹೊರನಾಡಿನ ಕನ್ನಡಿಗರ ಮನೆಗಳಲ್ಲಿ ಊರಿನ ಪ್ರಯಾಣದ ಮಾತು ಮೊದಲಾಗುತ್ತದೆ. ಹಿಂದೆ ರೈಲು, ಅನಂತರ ರಾತ್ರಿಯ ಬಸ್ಸು, ಈಗ ಹಲವರಿಗೆ ಸ್ವಂತ ಕಾರು. ಕೆಲವು ವರ್ಷಗಳ ಹಿಂದೆ ನಾವೂ ಹೀಗೆಯೇ ಹೊರಟಿದ್ದೆವು. ಘಟ್ಟವೊಂದನ್ನು ಹತ್ತಿ ಇಳಿಯುವಷ್ಟರಲ್ಲಿ ಎಂಜಿನ್ ಕಾದು, ರಾತ್ರಿ ಹತ್ತೂವರೆಯ ಸುಮಾರಿಗೆ ಕಾರು ರಸ್ತೆಯ ಅಂಚಿನಲ್ಲಿ ನಿಂತುಬಿಟ್ಟಿತು. ಹಿಂದಿನ ಆಸನದಲ್ಲಿ ಎಂಬತ್ತರ ಹತ್ತಿರದ ವಯಸ್ಸಿನ, ಸಕ್ಕರೆ ಕಾಯಿಲೆಯ ತಾಯಿಯವರು. ನೂರು ಹೆಜ್ಜೆಯಾಚೆ ಕಿತ್ತಳೆ ಬಣ್ಣದ ಪೆಟ್ಟಿಗೆಯೊಂದು ಕಂಬದ ಮೇಲೆ ಕಂಡಿತು. ಅದರ ಮೇಲೆ ‘ಎಸ್‌ಓಎಸ್’ ಎಂಬ ದಪ್ಪ ಅಕ್ಷರಗಳು. ಗುಂಡಿ ಒತ್ತಿದೆವು. ಮತ್ತೆ ಒತ್ತಿದೆವು. ಪೆಟ್ಟಿಗೆಯೊಳಗಿಂದ ಯಾವ ಸದ್ದೂ ಬರಲಿಲ್ಲ.

ಕೊನೆಗೆ ಕಿಸೆಯ ಮೊಬೈಲಿನಿಂದ ಆ ರಸ್ತೆಯ ಸಹಾಯವಾಣಿಗೆ ಕರೆ ಮಾಡಿದೆವು. ಉತ್ತರಿಸಿದ ಹೆಣ್ಣುಮಗಳು ಬಹು ಸೌಜನ್ಯದಿಂದ ಕೇಳಿದ ಮೊದಲ ಪ್ರಶ್ನೆ, “ಎಲ್ಲಿದ್ದೀರಿ?” ಘಟ್ಟ ಇಳಿದ ಮೇಲೆ ಎಂದೆವು. “ಯಾವ ಕಿಲೋಮೀಟರ್? ಯಾವ ಬದಿ?” ನಮ್ಮಲ್ಲಿ ಉತ್ತರವಿರಲಿಲ್ಲ. ಎಡಗಡೆ ಕತ್ತಲು, ಬಲಗಡೆ ಲಾರಿಗಳ ಬೆಳಕು. ಇಷ್ಟೇ ನಮಗೆ ಗೊತ್ತಿದ್ದುದು. ಅಷ್ಟರಲ್ಲಿ ನಮ್ಮ ಹಿಂದೆ ಲಾರಿ ನಿಲ್ಲಿಸಿ ಇಳಿದು ಬಂದ ಚಾಲಕರೊಬ್ಬರು ಟಾರ್ಚನ್ನು ಆ ಸತ್ತ ಪೆಟ್ಟಿಗೆಯ ಕಡೆಗೇ ಹಿಡಿದರು. “ಅದರ ಮೇಲೆಯೇ ಬರೆದಿದೆಯಲ್ಲ, ಸಾಹೇಬರೇ!” ನಿಜ. ಗುಂಡಿಯ ಕೆಳಗೆ ಅರ್ಧ ಮಾಸಿದ ಅಂಕೆಗಳಲ್ಲಿ ಕಿಲೋಮೀಟರ್ ಸಂಖ್ಯೆ ಇತ್ತು. ಅದನ್ನು ಓದಿ ಹೇಳಿದ ಮುಕ್ಕಾಲು ಗಂಟೆಯೊಳಗೆ ನೆರವಿನ ವಾಹನ ಬಂದಿತು.

ಆ ರಾತ್ರಿಯಿಂದ ಈ ಪೆಟ್ಟಿಗೆಗಳ ಬಗೆಗೆ ನಮಗೆ ಒಂದು ಬಗೆಯ ಕುತೂಹಲ ಹುಟ್ಟಿತು. ಓದಿ, ಕೇಳಿ ತಿಳಿದುಕೊಂಡುದನ್ನು ಪ್ರಯಾಣದ ಈ ದಿನಗಳಲ್ಲಿ ವಾಚಕರ ಮುಂದಿಡುತ್ತಿದ್ದೇವೆ.

ಪೆಟ್ಟಿಗೆ ಕೆಲಸ ಮಾಡುವ ಬಗೆ

ತುರ್ತು ಕರೆ ಪೆಟ್ಟಿಗೆ ಮೂಲತಃ ಒಂದೇ ಕಡೆಗೆ ಮಾತನಾಡಬಲ್ಲ ದೂರವಾಣಿ. ಅದಕ್ಕೆ ಅಂಕೆಗಳ ಫಲಕವಿಲ್ಲ, ನಾಣ್ಯ ಹಾಕುವ ಕಿಂಡಿಯಿಲ್ಲ. ಗುಂಡಿ ಒತ್ತಿದರೆ ಅಥವಾ ರಿಸೀವರ್ ಎತ್ತಿದರೆ ನೇರವಾಗಿ ಹೆದ್ದಾರಿಯ ನಿಯಂತ್ರಣ ಕೊಠಡಿಯಲ್ಲಿ ಗಂಟೆ ಬಾರಿಸುತ್ತದೆ. ಮೊದಲಿನವು ರಸ್ತೆಯುದ್ದಕ್ಕೂ ಹೂಳಿದ ತಾಮ್ರದ ತಂತಿಯನ್ನು ನಂಬಿದ್ದವು. ಅನಂತರ ಆಪ್ಟಿಕಲ್ ಫೈಬರ್ ಬಂದಿತು. ಸೌರಫಲಕ ಹೊತ್ತು, ಮೊಬೈಲ್ ಜಾಲದ ಮೂಲಕವೇ ಮಾತನಾಡುವ ಪೆಟ್ಟಿಗೆಗಳೂ ಬಂದವು.

ಆದರೆ ಇದರ ನಿಜವಾದ ಗುಣ ಮಾತನಾಡುವುದಲ್ಲ. ಪೆಟ್ಟಿಗೆಗೆ ತಾನು ಎಲ್ಲಿ ನಿಂತಿದ್ದೇನೆಂಬುದು ಗೊತ್ತು. ಕರೆ ಬಂದ ಕ್ಷಣದಲ್ಲಿಯೇ ನಿಯಂತ್ರಣ ಕೊಠಡಿಯವರಿಗೆ ಯಾವ ಪೆಟ್ಟಿಗೆ, ರಸ್ತೆಯ ಯಾವ ಪಾರ್ಶ್ವ, ಎಷ್ಟನೆಯ ಕಿಲೋಮೀಟರ್ ಎಂಬುದು ತಿಳಿದುಬಿಡುತ್ತದೆ. ಗಾಬರಿಯಿಂದ ಮಾತೇ ಹೊರಡದವರು, ಆ ಪ್ರಾಂತದ ಭಾಷೆ ಬಾರದವರು, ಗುಂಡಿ ಒತ್ತಿ ಕುಸಿದು ಕುಳಿತವರು, ಇವರೆಲ್ಲರ ವಿಳಾಸವೂ ತಾನಾಗಿ ತಲಪುತ್ತದೆ. ಬ್ಯಾಂಕಿನ ಕೌಂಟರಿನಲ್ಲಿ ಖಾತೆ ಸಂಖ್ಯೆ ಕೇಳಿದರೆ “ನಮ್ಮದೇ ಖಾತೆ, ಇಪ್ಪತ್ತು ವರ್ಷದಿಂದ ಇದೆ” ಎನ್ನುವ ಗ್ರಾಹಕರನ್ನು ನಾವು ನಿತ್ಯವೂ ಕಾಣುತ್ತೇವೆ. ಆ ರಾತ್ರಿ ಹೆದ್ದಾರಿಯಲ್ಲಿ ನಾವೂ ಅದೇ ಬಗೆಯ ಗ್ರಾಹಕರಾಗಿದ್ದೆವು.

ಇಂಗ್ಲೆಂಡಿನ ಕೀಲಿಕೈ, ಜರ್ಮನಿಯ ಬಾಲಕ

ಈ ಏರ್ಪಾಡಿನ ಹಳೆಯ ಬೇರುಗಳಲ್ಲಿ ಒಂದು ಇಂಗ್ಲೆಂಡಿನಲ್ಲಿದೆ. ಅಲ್ಲಿ 1905ರಲ್ಲಿ ವಾಹನ ಮಾಲೀಕರು ಆಟೊಮೊಬೈಲ್ ಅಸೋಸಿಯೇಷನ್ ಎಂಬ ಸಂಘ ಕಟ್ಟಿಕೊಂಡರು. ಉದ್ದೇಶ ಅಷ್ಟೇನೂ ಪವಿತ್ರವಾದುದಲ್ಲ. ವೇಗಮಿತಿ ಮೀರಿದವರನ್ನು ಹಿಡಿಯಲು ಪೊಲೀಸರು ಎಲ್ಲಿ ಹೊಂಚು ಹಾಕಿದ್ದಾರೆಂದು ಸದಸ್ಯರಿಗೆ ಮುನ್ಸೂಚನೆ ನೀಡುವುದು. ಸಂಘದ ಕಾವಲುಗಾರರು ಸದಸ್ಯರ ಕಾರು ಕಂಡರೆ ಸಲಾಮು ಮಾಡುತ್ತಿದ್ದರು. ಹೀಗೆ ಎಚ್ಚರಿಸುವುದು ಅಪರಾಧವೆಂದು 1910ರಲ್ಲಿ ನ್ಯಾಯಾಲಯ ತೀರ್ಪಿತ್ತ ಬಳಿಕ, ಸಲಾಮು ಮಾಡದಿರುವುದೇ ಸೂಚನೆಯಾಯಿತು! ಇದೇ ಸಂಘ 1912ರಿಂದ ರಸ್ತೆಬದಿಯಲ್ಲಿ ಕಾವಲುಗಾರರಿಗಾಗಿ ಮರದ ಗೂಡುಗಳನ್ನು ನಿಲ್ಲಿಸಿತು. ಮುಂದೆ ಅವುಗಳಲ್ಲಿ ದೂರವಾಣಿ ಬಂದಿತು, ಸದಸ್ಯರಿಗೆ ಗೂಡಿನ ಬೀಗದ ಕೀಲಿಕೈ ದೊರೆಯಿತು. ಕೀಲಿಕೈ ಇದ್ದವನಿಗೆ ನೆರವು, ಇಲ್ಲದವನಿಗೆ ಇಲ್ಲ. ಮೊಬೈಲ್ ಎಲ್ಲರ ಕೈಗೆ ಬಂದ ಮೇಲೆ, 2002ರಲ್ಲಿ, ಆ ದೂರವಾಣಿಗಳನ್ನು ನಿಲ್ಲಿಸಲಾಯಿತು. ಉಳಿದಿರುವ ಕೆಲವೇ ಗೂಡುಗಳಲ್ಲಿ ಹಲವು ಇಂದು ಸಂರಕ್ಷಿತ ಸ್ಮಾರಕಗಳು.

1959ರ ನವೆಂಬರಿನಲ್ಲಿ ಲಂಡನ್ನಿನಿಂದ ಉತ್ತರಕ್ಕೆ ಹೋಗುವ ಎಂ-1 ಮೋಟಾರುಮಾರ್ಗ ತೆರೆದಾಗ ಈ ಕೀಲಿಕೈಯ ಭೇದ ಹೋಯಿತು. ಸುಮಾರು ಮೈಲಿಗೊಂದರಂತೆ, ಯಾರು ಬೇಕಾದರೂ ಬಳಸಬಹುದಾದ ದೂರವಾಣಿಗಳು ಅಲ್ಲಿನ ಮೋಟಾರುಮಾರ್ಗಗಳ ಲಕ್ಷಣವೇ ಆದವು. ಪ್ರತಿ ನೂರು ಮೀಟರಿಗೆ ಒಂದು ಗಿಡ್ಡ ಕಂಬ. ಅದರ ಮೇಲೆ ಅತಿ ಸಮೀಪದ ದೂರವಾಣಿ ಯಾವ ದಿಕ್ಕಿನಲ್ಲಿದೆಯೆಂದು ತೋರುವ ಬಾಣದ ಗುರುತು. ಕೆಟ್ಟು ನಿಂತವನು ದಿಕ್ಕು ತಪ್ಪಿ ಎರಡು ಪಟ್ಟು ನಡೆಯದಿರಲಿ ಎಂಬ ಈ ಸಣ್ಣ ಕಾಳಜಿ ನಮಗೆ ಬಹಳ ಮೆಚ್ಚುಗೆಯಾಯಿತು. ದೂರವಾಣಿಯನ್ನು ನಿಲ್ಲಿಸಿದ ರೀತಿಯೂ ಹಾಗೆಯೇ. ಮಾತನಾಡುವವನ ಮುಖ ಎದುರಿನಿಂದ ಬರುವ ವಾಹನಗಳ ಕಡೆಗಿರುತ್ತದೆ. ಅಪಾಯಕ್ಕೆ ಬೆನ್ನು ಹಾಕಿ ನಿಲ್ಲಬೇಕಾಗಿಲ್ಲ.

ಜರ್ಮನಿಯ ಕತೆ ಬೇರೆ. 1969ರ ಮೇ 3ರಂದು ಸ್ಟುಟ್‌ಗಾರ್ಟ್ ಸಮೀಪದ ವಿನ್ನೆಂಡೆನ್ ಎಂಬ ಊರಿನಲ್ಲಿ, ಈಜುಕೊಳದಿಂದ ಮನೆಗೆ ಮರಳುತ್ತಿದ್ದ ಬ್ಯೋರ್ನ್ ಸ್ಟೈಗರ್ ಎಂಬ ಎಂಟು ವರ್ಷದ ಬಾಲಕನಿಗೆ ಕಾರು ಬಡಿಯಿತು. ಅಲ್ಲಿದ್ದವರು ಕೂಡಲೇ ಪೊಲೀಸರಿಗೂ ರೆಡ್ ಕ್ರಾಸಿಗೂ ತಿಳಿಸಿದರು. ಆದರೂ ಆಂಬುಲೆನ್ಸ್ ಬರಲು ಹೆಚ್ಚುಕಡಿಮೆ ಒಂದು ಗಂಟೆ ಹಿಡಿಯಿತು. ಬಾಲಕ ಆಸ್ಪತ್ರೆಯ ದಾರಿಯಲ್ಲಿಯೇ ತೀರಿಕೊಂಡ. ಅದೂ ಗಾಯಗಳಿಂದಲ್ಲ, ಆಘಾತದಿಂದ. ಸಕಾಲದಲ್ಲಿ ನೆರವು ಬಂದಿದ್ದರೆ ಬದುಕುತ್ತಿದ್ದ ಮಗು. ತಂದೆ ಸೀಗ್‌ಫ್ರೀಡ್, ತಾಯಿ ಊಟೆ ಸುಮಾರು ಎರಡು ತಿಂಗಳ ಬಳಿಕ, ಅದೇ ವರ್ಷದ ಜುಲೈ 7ರಂದು, ಮಗನ ಹೆಸರಿನಲ್ಲಿ ಪ್ರತಿಷ್ಠಾನವೊಂದನ್ನು ಸ್ಥಾಪಿಸಿದರು. ಊರೂರುಗಳ ನಡುವಿನ ರಸ್ತೆಗಳ ಬದಿಯಲ್ಲಿ ತುರ್ತು ದೂರವಾಣಿಗಳನ್ನು ನಿಲ್ಲಿಸುವುದು ಅವರ ಮುಖ್ಯ ಕೆಲಸಗಳಲ್ಲಿ ಒಂದಾಯಿತು. ಆಗಿನ ಪಶ್ಚಿಮ ಜರ್ಮನಿಯಲ್ಲಿ ಊರಿಗೊಂದು ತುರ್ತು ಸಂಖ್ಯೆ ಇದ್ದುದನ್ನು ಬದಲಿಸಿ, 110 ಮತ್ತು 112 ಎಂಬ ಸಂಖ್ಯೆಗಳನ್ನು ದೇಶಕ್ಕೆಲ್ಲ ಅನ್ವಯಿಸುವಂತೆ ಅವರು ಸರ್ಕಾರದ ಬೆನ್ನು ಹತ್ತಿದರು; 1973ರಲ್ಲಿ ಆ ನಿರ್ಧಾರವಾಯಿತು. ಮಗನನ್ನು ಕಳೆದುಕೊಂಡ ಮನೆಯೊಂದು ದೂರವಾಣಿ ಕಂಬಗಳಿಗಾಗಿ ಹಣ ಕೂಡಿಸುತ್ತ ಓಡಾಡಿದ ಈ ಸಂಗತಿಯನ್ನು ಓದಿದಾಗ ನಮಗೆ ಹೆದ್ದಾರಿಯ ಕಿತ್ತಳೆ ಪೆಟ್ಟಿಗೆ ಬೇರೆಯಾಗಿಯೇ ಕಾಣತೊಡಗಿತು.

ಜರ್ಮನಿಯ ಆಟೊಬಾನ್ ರಸ್ತೆಗಳಲ್ಲಿ ಇಂದಿಗೂ ಸುಮಾರು ಎರಡು ಕಿಲೋಮೀಟರಿಗೊಂದು ಕಿತ್ತಳೆ ಕಂಬವಿದೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 1980ರ ದಶಕದಲ್ಲಿ ಕಾನೂನು ಮಾಡಿ, ನೋಂದಾಯಿತ ವಾಹನವೊಂದಕ್ಕೆ ವರ್ಷಕ್ಕೆ ಒಂದು ಡಾಲರ್ ಶುಲ್ಕ ಎತ್ತಿ ಪೆಟ್ಟಿಗೆಗಳನ್ನು ಹಾಕಿಸಿದರು. ಮೊಬೈಲ್ ಬಂದ ಮೇಲೆ ಕರೆಗಳು ಕುಸಿದು ಅಲ್ಲಿ ಬಹಳಷ್ಟನ್ನು ಕಿತ್ತಿದ್ದಾರೆ.

ನಮ್ಮ ರಸ್ತೆಗಳಲ್ಲಿ

ನಮ್ಮಲ್ಲಿ ಮುಂಬಯಿಯಲ್ಲಿ 1919ರಷ್ಟು ಹಿಂದೆಯೇ ವೆಸ್ಟರ್ನ್ ಇಂಡಿಯಾ ಆಟೊಮೊಬೈಲ್ ಅಸೋಸಿಯೇಷನ್ ಹುಟ್ಟಿತ್ತು. ಆದರೂ ಹೆದ್ದಾರಿಯಲ್ಲಿ ಕೆಟ್ಟು ನಿಂತವನ ಪಾಲಿಗೆ ಬಹುಕಾಲ ಇದ್ದುದು ಜನರ ನೆರವೇ. ಲಾರಿ ನಿಂತರೆ ಹಿಂಬದಿಗೆ ಹಸಿರು ಕೊಂಬೆ ಸಿಕ್ಕಿಸುವುದು, ರಸ್ತೆಯ ಮೇಲೆ ಸಾಲಾಗಿ ಕಲ್ಲಿಡುವುದು. ಲಾರಿ ಹೊರಟ ಮೇಲೂ ಕಲ್ಲುಗಳು ಅಲ್ಲಿಯೇ ಉಳಿದು ಹಿಂದೆ ಬಂದ ದ್ವಿಚಕ್ರ ವಾಹನಗಳನ್ನು ಕೆಡವುತ್ತಿದ್ದುದೂ ಉಂಟು. ಕ್ಲೀನರ್ ಹುಡುಗ ಎದುರು ಬಂದ ಬಸ್ಸು ಹತ್ತಿ ಮುಂದಿನ ಊರಿಗೆ ಹೋಗಿ ಮೆಕ್ಯಾನಿಕನನ್ನು ಕರೆತರಬೇಕಾಗಿತ್ತು. 1980ರ ದಶಕದ ಕೊನೆಯಿಂದ ಹಳದಿ ಫಲಕದ ಎಸ್‌ಟಿಡಿ ಬೂತುಗಳು ಬಂದವು. ಹೆದ್ದಾರಿಯ ಉಡುಪಿ ಹೋಟೆಲಿನ ಗಲ್ಲಾಪೆಟ್ಟಿಗೆಯ ಪಕ್ಕದ ದೂರವಾಣಿಯಿಂದ ಮನೆಗೆ ಸುದ್ದಿ ಮುಟ್ಟಿಸಿದ ನೆನಪು ನಮ್ಮ ತಲೆಮಾರಿನ ಹಲವರಿಗಿದ್ದೀತು.

5,846 ಕಿಲೋಮೀಟರ್ ಉದ್ದದ ಸುವರ್ಣ ಚತುಷ್ಪಥ ಯೋಜನೆ ಮತ್ತು 2002ರಲ್ಲಿ ಪೂರ್ಣವಾಗಿ ತೆರೆದ 94.5 ಕಿಲೋಮೀಟರಿನ ಮುಂಬಯಿ–ಪುಣೆ ಎಕ್ಸ್‌ಪ್ರೆಸ್ ವೇ ನಮ್ಮ ರಸ್ತೆಗಳ ಸ್ವಭಾವವನ್ನೇ ಬದಲಿಸಿದವು. ಬೇಲಿ ಹಾಕಿದ, ಊರುಗಳಿಂದ ದೂರ ಸರಿದ ಹೊಸ ರಸ್ತೆಯಲ್ಲಿ ಕೆಟ್ಟು ನಿಂತರೆ ಹೋಟೆಲೂ ಇಲ್ಲ, ಗ್ಯಾರೇಜೂ ಇಲ್ಲ. ವೇಗವಾಗಿ ಬರುವವರಿಗೆ ನಿಲ್ಲುವ ಮನಸ್ಸೂ ಇಲ್ಲ. ಇಂತಹ ರಸ್ತೆಗಳಿಗೆಂದೇ ಕರೆ ಪೆಟ್ಟಿಗೆ ಬಂದಿತು.

ಆದರೆ ಬಂದ ಹೊತ್ತು ಸರಿಯಿರಲಿಲ್ಲ. ಇಂಗ್ಲೆಂಡಿನಲ್ಲಿ ಮೊಬೈಲ್ ಕಾಲಿಡುವ ಮೊದಲು ಪೆಟ್ಟಿಗೆಗೆ ದಶಕಗಳ ರೂಢಿ ದೊರೆತಿತ್ತು. ಭಾರತದಲ್ಲಿ ಮೊದಲ ಮೊಬೈಲ್ ಕರೆ 1995ರ ಜುಲೈ 31ರಂದು ನಡೆಯಿತು. ನಾಲ್ಕು ಪಥದ ರಸ್ತೆಗಳು ಮುಗಿಯುವ ಹೊತ್ತಿಗೆ ಚಾಲಕನ ಕಿಸೆಯಲ್ಲಿಯೂ ಮೊಬೈಲ್ ಇತ್ತು. ಹೀಗಾಗಿ ಪೆಟ್ಟಿಗೆಯನ್ನು ಬಳಸುವ ಅಭ್ಯಾಸ ಜನರಿಗೆ ಆಗಲೇ ಇಲ್ಲ. ಬಳಸದ ವಸ್ತುವನ್ನು ನೋಡಿಕೊಳ್ಳುವವರು ಯಾರು? ತಂತಿ, ಬ್ಯಾಟರಿ, ಸೌರಫಲಕ, ಇವೆಲ್ಲವೂ ಕಳ್ಳನಿಗೆ ಬೇಕಾದ ವಸ್ತುಗಳೇ. ನಾವು ಒತ್ತಿದ ಗುಂಡಿ ಮೌನವಾಗಿದ್ದುದಕ್ಕೆ ಕಾರಣ ಇವುಗಳಲ್ಲಿ ಯಾವುದೋ ಒಂದಿದ್ದೀತು.

ಮೊಬೈಲ್ ಜಾಲ ತಲಪದೆಡೆ ಮಾತ್ರ ಪೆಟ್ಟಿಗೆಯ ಮಹತ್ವ ಇಂದಿಗೂ ಕುಗ್ಗಿಲ್ಲ. ದೆಹಲಿಯ ಕನ್ನಡಿಗರು ಮನಾಲಿಯತ್ತ ಹೋದಾಗ ಕಾಣಬಹುದಾದ, 2020ರ ಅಕ್ಟೋಬರಿನಲ್ಲಿ ತೆರೆದ 9.02 ಕಿಲೋಮೀಟರಿನ ಅಟಲ್ ಸುರಂಗದಲ್ಲಿ ಪ್ರತಿ 150 ಮೀಟರಿಗೆ ಒಂದು ತುರ್ತು ದೂರವಾಣಿಯಿದೆ. ಸುರಂಗದೊಳಗೆ ಹೊಗೆ ತುಂಬಿದರೆ ಗೋಡೆಯ ದೂರವಾಣಿ ಎಲ್ಲಿದೆಯೆಂದು ಮೊದಲೇ ಗಮನಿಸಿಟ್ಟುಕೊಂಡವನಿಗೆ ಅದು ಕೈಗೆ ಸಿಕ್ಕೀತು.

ಇಂದಿನ ಸಂಖ್ಯೆಗಳು

ಪೆಟ್ಟಿಗೆಯ ಸ್ಥಾನವನ್ನು ಈಗ ಸಂಖ್ಯೆಗಳು ಹಿಡಿದಿವೆ. ರಾಷ್ಟ್ರೀಯ ಹೆದ್ದಾರಿಗಳಿಗೆ 1033. ಇದು 2018ರ ಮಾರ್ಚಿನಲ್ಲಿ ಆರಂಭವಾದ ಉಚಿತ ಸಹಾಯವಾಣಿ. ಟೋಲ್ ಇರುವ ಹೆದ್ದಾರಿಗಳಲ್ಲಿ ಗಸ್ತು ವಾಹನ, ಆಂಬುಲೆನ್ಸ್, ಕ್ರೇನ್ ಒದಗಿಸುವುದು ರಸ್ತೆ ನಡೆಸುವವರ ಹೊಣೆ. ಕ್ರೇನ್ ಬರುವುದು ವಾಹನವನ್ನು ರಸ್ತೆಯಿಂದ ಸರಿಸಲು. ಮುಂದಿನ ರಿಪೇರಿ ನಮ್ಮ ಖರ್ಚು. ಪೊಲೀಸ್, ಅಗ್ನಿಶಾಮಕ, ವೈದ್ಯಕೀಯ, ಯಾವ ತುರ್ತಿಗೂ ದೇಶಕ್ಕೆಲ್ಲ ಒಂದೇ ಸಂಖ್ಯೆಯಾಗಿ 112 ಇದೆ. ಆಂಬುಲೆನ್ಸಿಗಾಗಿ 108 ಕರ್ನಾಟಕದಲ್ಲಿ 2008ರಿಂದ, ಮಹಾರಾಷ್ಟ್ರದಲ್ಲಿ 2014ರಿಂದ ಬಳಕೆಯಲ್ಲಿದೆ.

ಇಲ್ಲಿ ಮುಂಬಯಿಯವರು ಗಮನಿಸಬೇಕಾದ ಸೂಕ್ಷ್ಮವೊಂದಿದೆ. ಮುಂಬಯಿ–ಪುಣೆ ಎಕ್ಸ್‌ಪ್ರೆಸ್ ವೇ ರಾಜ್ಯದ ರಸ್ತೆ ಅಭಿವೃದ್ಧಿ ನಿಗಮದ್ದು, ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರದ್ದಲ್ಲ. ಅದರ ಸಹಾಯವಾಣಿ ಬೇರೆ. ಸಂಖ್ಯೆಯನ್ನು ರಸ್ತೆಯ ಫಲಕಗಳಿಂದ ಬರೆದುಕೊಳ್ಳಬೇಕು. ಪುಣೆ ದಾಟಿ ಸಾತಾರಾ, ಕೊಲ್ಹಾಪುರ, ನಿಪ್ಪಾಣಿ, ಬೆಳಗಾವಿಯತ್ತ ಹೊರಟ ಮೇಲೆ 1033. ಗಡಿಯ ಹತ್ತಿರ ಮೊಬೈಲ್ ಯಾವ ರಾಜ್ಯದ ಗೋಪುರ ಹಿಡಿದಿದೆಯೋ ಹೇಳಲಾಗದು. 112ರ ಕರೆ ಆಚೆಯ ರಾಜ್ಯಕ್ಕೆ ಹೋದರೂ ಹೋದೀತು. ಆದ್ದರಿಂದ ರಾಜ್ಯ, ಜಿಲ್ಲೆಗಳನ್ನು ಮೊದಲೇ ಹೇಳುವುದು ಲೇಸು.

ಹೊಸ ಸಂಖ್ಯೆಗಳ ಗೊಂದಲ ಇನ್ನೊಂದು. 2010ರಲ್ಲಿ ರಾಷ್ಟ್ರೀಯ ಹೆದ್ದಾರಿಗಳಿಗೆಲ್ಲ ಮರುಸಂಖ್ಯೆ ಕೊಡಲಾಯಿತು. ನಮ್ಮ ಬಾಯಲ್ಲಿ ಇನ್ನೂ ಹೊರಳುವ ‘ಎನ್‌ಎಚ್ ನಾಲ್ಕು’, ಅಂದರೆ ಮುಂಬಯಿಯಿಂದ ಬೆಂಗಳೂರಿನ ಮೂಲಕ ಚೆನ್ನೈಗೆ ಹೋಗುವ ರಸ್ತೆ, ಈಗ 48. ಕರಾವಳಿಯವರ ಹದಿನೇಳು ಈಗ 66. ಹೈದರಾಬಾದಿನಿಂದ ಬೆಂಗಳೂರಿಗೆ ಬರುವ ಏಳು ಈಗ 44. ಹಳೆಯ ಸಂಖ್ಯೆ ಹೇಳಿದರೆ ಸಹಾಯವಾಣಿಯ ಎಳೆಯರಿಗೆ ಅರ್ಥವಾಗದಿರಬಹುದು. ಇಂದಿನ ಎನ್‌ಎಚ್ 4 ಇರುವುದು ಅಂಡಮಾನಿನಲ್ಲಿ!

ಸ್ಥಳವನ್ನು ಹೇಳುವ ಬಗೆ ಸುಲಭ. ನಾಲ್ಕು ಸಂಗತಿಗಳು ಸಾಕು: ರಸ್ತೆಯ ಸಂಖ್ಯೆ, ಕಿಲೋಮೀಟರ್, ಯಾವ ಊರಿನ ಕಡೆಗೆ ಹೋಗುತ್ತಿದ್ದೆವು, ಹಿಂದೆ ದಾಟಿದ ಟೋಲ್ ನಾಕಾ ಯಾವುದು. ರಾಷ್ಟ್ರೀಯ ಹೆದ್ದಾರಿಯ ಕಿಲೋಮೀಟರ್ ಕಲ್ಲಿನ ತಲೆ ಹಳದಿ, ರಾಜ್ಯ ಹೆದ್ದಾರಿಯದು ಹಸಿರು. ಹೊಸ ರಸ್ತೆಗಳಲ್ಲಿ ಕಲ್ಲುಗಳ ನಡುವೆಯೂ ಸಣ್ಣ ಫಲಕಗಳ ಮೇಲೆ, ಸೇತುವೆ ಮೋರಿಗಳ ಗೋಡೆಗಳ ಮೇಲೆ ದಶಮಾಂಶ ಸಹಿತ ಅಂಕೆಗಳಿರುತ್ತವೆ. ದಿಕ್ಕು ಹೇಳುವುದನ್ನು ಮರೆಯಬಾರದು. ಮಧ್ಯೆ ವಿಭಜಕವಿರುವ ರಸ್ತೆಯಲ್ಲಿ ಎದುರು ಬದಿಗೆ ಬಂದ ಆಂಬುಲೆನ್ಸ್ ತಿರುಗಿ ಬರಲು ಹಲವು ಕಿಲೋಮೀಟರ್ ಸುತ್ತಬೇಕಾದೀತು. ಮೊಬೈಲಿನ ನಕಾಶೆಯಿಂದ ಸ್ಥಳ ಕಳುಹಿಸಬಹುದು, ನಿಜ. ಆದರೆ ಘಟ್ಟಗಳಲ್ಲಿ ಮಾತಿನ ಕರೆ ಸಿಕ್ಕರೂ ಇಂಟರ್‌ನೆಟ್ ಸಿಗುವ ಭರವಸೆಯಿಲ್ಲ.

ಈ ಹೊರೆಯನ್ನು ವಾಹನಕ್ಕೇ ವಹಿಸುವ ಯತ್ನವೂ ನಡೆದಿದೆ. ಯೂರೋಪಿನ ಒಕ್ಕೂಟದಲ್ಲಿ 2018ರ ಮಾರ್ಚ್ 31ರಿಂದ ಹೊಸ ಮಾದರಿಯ ಕಾರುಗಳಿಗೆ ‘ಇ-ಕಾಲ್’ ಕಡ್ಡಾಯವಾಗಿದೆ. ಅಪಘಾತದಲ್ಲಿ ಏರ್‌ಬ್ಯಾಗ್ ಬಿಚ್ಚಿಕೊಂಡೊಡನೆ ಕಾರು ತಾನೇ 112ಕ್ಕೆ ಕರೆ ಮಾಡಿ ಸ್ಥಳ, ಸಮಯ, ಸಾಗುತ್ತಿದ್ದ ದಿಕ್ಕನ್ನು ಒಪ್ಪಿಸುತ್ತದೆ. ಚಾಲಕ ಮೂರ್ಛೆ ಹೋಗಿದ್ದರೂ ಸರಿಯೇ. ನಮ್ಮ ದೇಶದಲ್ಲಿ 2019ರ ಜನವರಿಯಿಂದ ನೋಂದಾಯಿತವಾದ ಸಾರ್ವಜನಿಕ ಸಾರಿಗೆ ವಾಹನಗಳಿಗೆ ಸ್ಥಾನಸೂಚಕ ಸಾಧನವೂ ತುರ್ತು ಗುಂಡಿಯೂ ಇರಬೇಕೆಂಬ ನಿಯಮ ಬಂದಿದೆ. ಊರಿಗೆ ಹೋಗುವ ರಾತ್ರಿ ಬಸ್ಸಿನಲ್ಲಿ ಆಸನದ ಬಳಿ ಕೆಂಪು ಗುಂಡಿ ಕಂಡರೆ ಅದು ಇದೇ. ದೀಪದ ಸ್ವಿಚ್ಚೆಂದು ಮಕ್ಕಳು ಒತ್ತದಿರಲಿ.

ನೆರವು ಬರುವವರೆಗೆ

ಕರೆ ಮಾಡಿದ ಮೇಲೆ ಕಾಯುವ ಸಮಯವೇ ಹೆಚ್ಚು ಅಪಾಯದ್ದು. ಆ ರಾತ್ರಿ ನಾವು ತಾಯಿಯವರನ್ನು ಕಾರಿನಲ್ಲಿಯೇ ಕುಳ್ಳಿರಿಸಿದ್ದೆವು. ಅದು ತಪ್ಪೆಂದು ಅನಂತರ ತಿಳಿಯಿತು. ನಿಂತ ವಾಹನಕ್ಕೆ ಹಿಂದಿನಿಂದ ಬಂದ ಲಾರಿ ಬಡಿಯುವುದು ಹೆದ್ದಾರಿಗಳ ಸಾಮಾನ್ಯ ದುರಂತ. ನಾಲ್ಕೂ ಸೂಚಕ ದೀಪಗಳನ್ನು ಬೆಳಗಿಸಿ, ರಸ್ತೆಯ ವಿರುದ್ಧ ಬದಿಯ ಬಾಗಿಲಿನಿಂದ ಎಲ್ಲರೂ ಇಳಿದು, ಲೋಹದ ತಡೆಗೋಡೆಯಿದ್ದರೆ ಅದರಾಚೆಗೆ ನಿಲ್ಲಬೇಕು. ಕಾರಿನೊಡನೆ ಬರುವ ಕೆಂಪು ತ್ರಿಕೋನವನ್ನು ಕನಿಷ್ಠ ಐವತ್ತು ಮೀಟರ್ ಹಿಂದೆ, ವೇಗದ ರಸ್ತೆಯಾದರೆ ಇನ್ನೂ ದೂರದಲ್ಲಿಡಬೇಕು. ನಮ್ಮ ಕಾರಿನ ತ್ರಿಕೋನ ಸ್ಟೆಪ್ನಿಯ ಕೆಳಗೆ, ಕೊಂಡಾಗಿನ ಪ್ಲಾಸ್ಟಿಕ್ ಹೊದಿಕೆಯಲ್ಲಿಯೇ ಇತ್ತು.

ಅಂದು ಲಾರಿ ನಿಲ್ಲಿಸಿ ಬಂದ ಚಾಲಕರು ನೆರವಿನ ವಾಹನ ಬರುವ ಮೊದಲೇ ಹೊರಟುಹೋದರು. ಪೊಲೀಸರು ಬಂದರೆ ತಮ್ಮನ್ನು ಪ್ರಶ್ನಿಸಿಯಾರೆಂಬ ಅಳುಕು ಅವರ ಮಾತಿನಲ್ಲಿತ್ತು. ಆ ಅಳುಕಿಗೆ ಈಗ ಕಾನೂನಿನ ಆಧಾರವಿಲ್ಲ. ಅಪಘಾತದ ಗಾಯಾಳುಗಳಿಗೆ ನೆರವಾಗುವವರ ರಕ್ಷಣೆಯ ಮಾರ್ಗಸೂಚಿಗಳನ್ನು ಸರ್ವೋಚ್ಚ ನ್ಯಾಯಾಲಯ 2016ರ ಮಾರ್ಚಿನಲ್ಲಿ ಎತ್ತಿಹಿಡಿಯಿತು. 2019ರ ತಿದ್ದುಪಡಿಯಿಂದ ಮೋಟಾರು ವಾಹನ ಕಾಯ್ದೆಗೆ 134ಎ ಕಲಂ ಸೇರಿತು. ಅದರಂತೆ, ಸದ್ಭಾವನೆಯಿಂದ ಗಾಯಾಳುವಿಗೆ ನೆರವಾದವನ ಮೇಲೆ ಸಿವಿಲ್ ಅಥವಾ ಕ್ರಿಮಿನಲ್ ಹೊಣೆ ಹೊರಿಸುವಂತಿಲ್ಲ.

ಈಗ ನಮ್ಮ ಕಾರಿನ ಡ್ಯಾಷ್‌ಬೋರ್ಡಿನ ಪೆಟ್ಟಿಗೆಯಲ್ಲಿ ಒಂದು ಹಳೆಯ ಪಾಸ್‌ಬುಕ್ಕಿನ ಹೊದಿಕೆಯಿದೆ. ಅದರೊಳಗಿನ ಕಾಗದದಲ್ಲಿ 1033, 112, 108, ಎಕ್ಸ್‌ಪ್ರೆಸ್ ವೇಯ ಸಂಖ್ಯೆ, ವಿಮಾ ಕಂಪನಿಯ ಸಂಖ್ಯೆ, ವಾಹನದ ಸಂಖ್ಯೆ, ಮನೆಯವರ ರಕ್ತದ ಗುಂಪುಗಳನ್ನು ದಪ್ಪ ಅಕ್ಷರದಲ್ಲಿ ಬರೆದಿಟ್ಟಿದ್ದೇವೆ. ಪಯಣದಲ್ಲಿ ಹಾದುಹೋದ ಕಿಲೋಮೀಟರ್ ಕಲ್ಲನ್ನು ಗಟ್ಟಿಯಾಗಿ ಓದಿ ಹೇಳುವ ಕೆಲಸವನ್ನು ಮೊಮ್ಮಗಳಿಗೆ ವಹಿಸಿದ್ದೇವೆ. ನಿದ್ದೆ ಬರುವವರೆಗೆ ಅವಳು ಒಂದನ್ನೂ ಬಿಡುವುದಿಲ್ಲ.